ಕರೆದೊಯ್ಯಬಲ್ಲವರು

ನಮ್ಮ ಶಿಶುವಿಹಾರದ ಅರ್ಜಿಗೆ ಒಂಬತ್ತು ಹಾಳೆ.
ಒಂಬತ್ತನ್ನೂ ಬರೆದವಳು ನಾನೇ,
ವರ್ಷಕ್ಕೊಂದು ಭಯ, ಭಯಕ್ಕೊಂದು ಪ್ರಶ್ನೆ ಸೇರಿಸುತ್ತ.
ಯಾರಿಗೋ ಕಡಲೆಕಾಯಿ ಒಗ್ಗಲಿಲ್ಲ, ಒಂದು ಹಾಳೆ.
ಯಾರದೋ ವಿಚ್ಛೇದನ ನಮ್ಮ ಬಾಗಿಲ ತನಕ ಬಂತು, ಒಂದು ಹಾಳೆ.
ಇನ್ಸ್‌ಪೆಕ್ಟರು ಕನ್ನಡಕ ಏರಿಸಿ ಹುಂ ಎಂದರು,
ಎರಡು ಹಾಳೆ.

ಹೀಗೆ ಮೂರು ವರ್ಷದ ಮಗು ಒಳಗೆ ಬರಲು
ದಾಟಬೇಕಾದ ಕಾಗದದ ಹೊಸ್ತಿಲು
ಅದರ ಮೊಣಕಾಲಿಗಿಂತ ಎತ್ತರವಾಯಿತು.
ನನಗದು ಕಾಣಲಿಲ್ಲ. ನಾನು ಒಳಗಿದ್ದೆನಲ್ಲ.

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ
ಮೇ ಎಂದರೆ ಚಳಿಯ ಮೊದಲ ಕಚ್ಚು.
ಅಂಥದೊಂದು ಬೆಳಿಗ್ಗೆ ಕಲೊಲೈನೆ ಬಂದಳು,
ಟೋಂಗಾ ಬಿಟ್ಟು ಎಂಟು ತಿಂಗಳು,
ಮಾಂಸದ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ
ನಮ್ಮ ಬಾಗಿಲು ತೆರೆಯಲೆಂದು ಮೂರೂವರೆ ತಾಸು ಎಚ್ಚರವಿದ್ದು.
ಬೂಟು ಹೊರಗೆ ಬಿಟ್ಟು ಕಾಲುಚೀಲದಲ್ಲಿ ನಿಂತಳು.
ಬಿಡಬೇಕೆಂದು ನಾವೇನೂ ಹೇಳಿರಲಿಲ್ಲ.
ಹೆಗಲ ಮೇಲೆ ಮಗ ಇಸಿಲೇಲಿ, ನಿದ್ದೆಯಲ್ಲಿ.

ಮೊದಲ ಹಾಳೆ ತಿರುವಿದಳು, ಎರಡನೆಯದು,
ನಾಲ್ಕನೆಯದರ ಮೇಲೆ ರೆಪ್ಪೆ ಬಿತ್ತು.
ಪೆನ್ನು ಕೈಯಲ್ಲೇ, ತಲೆ ಮೇಜಿಗೆ.
ಹದಿನೇಳು ನಿಮಿಷ ತಾಯಿ ಮಗು ಇಬ್ಬರೂ
ನನ್ನ ಕಚೇರಿಯಲ್ಲಿ ಮಲಗಿದರು.
ನಾನು ಫೋನಿನ ಬಾಯಿ ಮುಚ್ಚಿ ಕೂತೆ.

ಕಚೇರಿ ವೇಳೆ: ಒಂಬತ್ತರಿಂದ ಹನ್ನೊಂದು.
ಗೋಡೆಯ ಮೇಲೆ ನನ್ನದೇ ಕೈಬರಹ.
ಊರಿನ ಅರ್ಧ ತಾಯಂದಿರ ನಡುರಾತ್ರಿಗೆ
ಬಾಗಿಲು ತೆರೆದಿಟ್ಟು ಕಾದಿದ್ದೆ,
ಯಾಕೆ ಯಾರೂ ಬರುತ್ತಿಲ್ಲ ಎಂದು
ಸಭೆಯಲ್ಲಿ ಕೇಳಿದ್ದೆ ಬೇರೆ.

ಎದ್ದಾಗ ಕೆನ್ನೆಗಂಟಿದ ಹಾಳೆ ಬಿಡಿಸಿಕೊಂಡು
ಮುಂದೊಂದು ಪ್ರಶ್ನೆಗೆ ಬೆರಳಿಟ್ಟಳು:
ಮಗುವನ್ನು ಕರೆದೊಯ್ಯಬಲ್ಲವರು ಯಾರು?
ಎರಡು ಗೆರೆ ಕೊಟ್ಟಿದ್ದೆ.
"ಗೆರೆ ಸಾಲದು" ಅಂದಳು.

ಅಪ್ಪನ ಅಕ್ಕ, ಮನೆಯಲ್ಲಿ ಅವಳದೇ ಕೊನೆಯ ಮಾತು.
ಅವಳ ಇಬ್ಬರು ಗಂಡುಮಕ್ಕಳು, ಯಾರಿಗೆ ರಜೆಯೋ ಅವನು.
ಚರ್ಚಿನ ಬ್ಯಾಂಡಿನಲ್ಲಿ ಕಹಳೆ ಊದುವ ಪೆನಿಸಿಮಾನಿ.
ಪಕ್ಕದ ಮನೆಯ ಮುದುಕ ಡೂಗಲ್,
ಅವನ ನಾಯಿಗೆ ಹೇಗೂ ಇದೇ ದಾರಿ.
ಅಜ್ಜಿ, ಈ ಊರಲ್ಲಿಲ್ಲ, ನುಕುಅಲೋಫಾದಲ್ಲಿ,
ಬರಲಾರಳು, ಆದರೂ ಬರೆಯಬೇಕು,
ಹೆಸರು ಬಿಟ್ಟರೆ ನೊಂದುಕೊಳ್ಳುತ್ತಾಳೆ.

ಬರೆದೆ. ಅಂಚಿನಲ್ಲಿ ಬರೆದೆ, ಬೆನ್ನಲ್ಲಿ ಬರೆದೆ,
ಕೊನೆಗೆ ಲಸಿಕೆಯ ಹಾಳೆ ತಿರುವಿ ಅದರ ಬೆನ್ನಿಗೂ.
ಹದಿನಾಲ್ಕು ಜನ.
ನನ್ನ ಮಗನಿಗೆ ಆ ವಯಸ್ಸಿನಲ್ಲಿ
ಇದ್ದವಳು ನಾನೊಬ್ಬಳೇ. ಎರಡನೇ ಗೆರೆ
ಖಾಲಿ ಬಿಟ್ಟು ಸಹಿ ಹಾಕಿದ ದಿನ ನೆನಪಾಯಿತು,
ಆ ಖಾಲಿಯ ಮೇಲೆ ಗುಮಾಸ್ತೆ ಎಳೆದ ಸಣ್ಣ ಅಡ್ಡಗೀಟೂ.

ಈಗ ಅರ್ಜಿ ಒಂದೇ ಹಾಳೆ. ಮಿಕ್ಕಿದ್ದನ್ನು
ಬಾಯಲ್ಲಿ ಕೇಳುತ್ತೇನೆ, ಕೂತು, ಬೇಕಾದಷ್ಟೇ.
ಅಧ್ಯಕ್ಷ ಗ್ರೆವಿಲ್‌ಗೆ ಇನ್ನೂ ಸಿಟ್ಟಿದೆ,
ಕಡತ ತೆಳ್ಳಗಾಯಿತು ಅಂತ. ಇರಲಿ.
ಮಂಗಳವಾರ ಬೆಳಗಿನ ಐದೂವರೆಗೆ
ಕಾರ್ಖಾನೆಯ ಗೇಟಿನೆದುರು ನನ್ನ ಹಳೇ ಕಾರಿನ ಡಿಕ್ಕಿ ಎತ್ತಿ
ಫ್ಲಾಸ್ಕು, ಬಿಸ್ಕತ್ತು, ಒಂದು ಕಟ್ಟು ಹಾಳೆ.
ಪಾಳಿ ಬಿಟ್ಟವರು ಉಸಿರಿನ ಹೊಗೆ ಬಿಡುತ್ತ ಬರುತ್ತಾರೆ.
ಕೆಲವರು ಚಹಾ ಮಾತ್ರ ಕುಡಿದು ಹೋಗುತ್ತಾರೆ. ಅದೂ ಸರಿ.
ಮಳೆ ಬಂದ ವಾರ ಮಸಿ ಕದಡಿ
ಒಂದು ಮಗುವಿನ ಹೆಸರು ಮೂರು ಸಲ ಕೇಳಬೇಕಾಯಿತು.
ಮೂರನೇ ಸಲ ನನ್ನ ನಾಲಿಗೆಗೆ ಸರಿ ಬಂತು.

ಇಸಿಲೇಲಿ ಮೊದಲ ದಿನ ಅಳಲಿಲ್ಲ.
ಕೋಟಿನ ಗೂಟಕ್ಕೆ ಅವನ ಹೆಸರು ಅಂಟಿಸಿದ್ದೆವು.
ಓದಲು ಬಾರದು, ಗೂಟ ತನ್ನದೆಂದು ಮಾತ್ರ ಗೊತ್ತು;
ಹಿಡಿದುಕೊಂಡೇ ನಿಂತಿದ್ದ, ಹತ್ತು ಗಂಟೆಯವರೆಗೂ.
ಅಳುತ್ತಿದ್ದದ್ದು ಗೇಟಿನಾಚೆ ಆ ಸೋದರತ್ತೆ,
ದೊಡ್ಡ ದನಿಯ, ಯಾರ ಮಾತೂ ಕೇಳದ ಹೆಂಗಸು.
ಒಳಗೆ ಕರೆದೆ.
ಅವಳಿಗೆಂದು ಯಾವ ಅರ್ಜಿಯೂ ಇರಲಿಲ್ಲ.
ಮಕ್ಕಳ ಪುಟ್ಟ ಕುರ್ಚಿ ಎಳೆದು ಕೊಟ್ಟೆ;
ಅದು ನರಳಿತು, ಮುರಿಯಲಿಲ್ಲ.